ನೆಲ್‌ಳ ಕಾಲ್ಗುಣ

ಥಾರ್ನ್‌ಶಾ,
ಭಾನುವಾರ, 30 ಏಪ್ರಿಲ್ 1978

ಪ್ರೀತಿಯ ಡೆರೆಕ್,

ಹೇಗಿದ್ದೀಯ? ಕೈಯ ಸುಟ್ಟಗಾಯ ಒಣಗಿತೇ? ‘ಏನೂ ಇಲ್ಲ, ಸ್ವಲ್ಪ ಚರ್ಮ ಕಿತ್ತಿದೆ ಅಷ್ಟೆ’ ಎಂದು ಬರೆದಿದ್ದೆ. ಹಡಗಿನ ಎಂಜಿನ್ ಕೋಣೆಯಲ್ಲಿ ‘ಏನೂ ಇಲ್ಲ’ ಅಂದರೆ ಎಷ್ಟು ಎಂಬುದು ನಿನ್ನನ್ನು ಕಟ್ಟಿಕೊಂಡ ಮೇಲೆ ನನಗೂ ತಿಳಿದಿದೆ. ಮುಲಾಮು ಹಚ್ಚಿಕೋ. ಎಣ್ಣೆ ಮೆತ್ತಿದ ಬಟ್ಟೆ ಸುತ್ತಿಕೊಳ್ಳಬೇಡ. ನೆಲ್ ಚೆನ್ನಾಗಿದ್ದಾಳೆ. ಕೆಳಗೆ ಎರಡು ಹಲ್ಲು ಬಂದಿವೆ, ಅತ್ತೆಯ ಬೆರಳು ಸಿಕ್ಕರೆ ಬಿಡುವುದಿಲ್ಲ. ಈ ಕಾಗದ ನಿನಗಿಂತ ಮೊದಲೇ ಮಾಂಟೆವಿಡಿಯೊ ಬಂದರು ಮುಟ್ಟಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸು.

ಗೊತ್ತು, ಇದನ್ನೆಲ್ಲ ಹಾರಿಸಿ ನೀನು ಫುಟ್‌ಬಾಲ್ ಫಲಿತಾಂಶ ಹುಡುಕುತ್ತಿರುತ್ತೀಯ. ಎರಡನೇ ದರ್ಜೆಗೆ ಇಳಿದುಹೋದೆವು, ಡೆರೆಕ್. ನಿನ್ನೆ ಕೊನೆಯ ಪಂದ್ಯ, ನಮ್ಮದೇ ಮೈದಾನ, ಗೆದ್ದಿದ್ದರೆ ಮೊದಲ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಎರಡು ಗೋಲು ಮುಂದಿದ್ದವರು ಮೂರು ತಿಂದು ಸೋತೆವು. ಬೀದಿಯಲ್ಲಿ ಸಾವಾದ ಮನೆಯ ಮೌನ. ಅತ್ತೆ ಇವತ್ತು ಮಾಂಸ ಬೇಯಿಸಿ ಬಡಿಸಿದರೆ ಮಾವ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಅತ್ತಿಂದಿತ್ತ ತಳ್ಳುತ್ತ ಕುಳಿತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. “ಅಲ್ಲ ವಿಲ್ಫ್, ಆ ಆಲೂಗಡ್ಡೇನಾದ್ರೂ ಗೋಲಿನೊಳಗೆ ಹಾಕಪ್ಪ, ನಮ್ಮೋರ ಕೈಲಂತೂ ಆಗ್ಲಿಲ್ಲ,” ಅಂದರು. ಅದಕ್ಕೂ ಅವರು ನಗಲಿಲ್ಲ.

ಕಾಲ್ಗುಣದ ತಮಾಷೆ ನಿನಗೆ ಗೊತ್ತೇ ಇದೆ. ನೆಲ್ ಹುಟ್ಟಿದ ದಿನವೇ ಈ ಸಲದ ಮೊದಲ ಪಂದ್ಯ ಸೋತೆವು. ಆಮೇಲೂ ಸೋಲುತ್ತಲೇ ಹೋದಾಗ, ಮೈದಾನದಲ್ಲಿ ಮಾವನ ಪಕ್ಕ ನಿಲ್ಲುವ ಆ ಸಿರಿಲ್ ಇದ್ದಾನಲ್ಲ, ನೀನು ಹಡಗು ಹತ್ತುವ ಮೊದಲೇ ಶುರು ಹಚ್ಚಿಕೊಂಡಿದ್ದ. “ತರಬೇತಿದಾರನ್ನ ಯಾಕ್ರೋ ಬೈತೀರಾ? ಎಲ್ಲಾ ವಿಲ್ಫ್ ಮೊಮ್ಮಗಳ ಕಾಲ್ಗುಣ ಕಣ್ರೋ!” ನೀನೂ ನಕ್ಕಿದ್ದೆ, ನಾನೂ ನಕ್ಕಿದ್ದೆ. ಈಗ ಅದು ಊರಿನ ಮಾತು. ಮಗುವಿನ ತಳ್ಳುಗಾಡಿಯಲ್ಲಿ ನೆಲ್‌ಳನ್ನು ಕೂರಿಸಿಕೊಂಡು ಹೋದರೆ ಕಸಾಯಿಯವನು ಕತ್ತಿ ಎತ್ತಿ ಹಿಡಿದು, “ಓಹೋ, ಬಂದ್ಲಪ್ಪ ಯಜಮಾನಿ! ಈ ಶನಿವಾರ ಹೆಂಗಮ್ಮ, ನಮ್ಮನ್ನ ಬಿಡ್ತೀಯೋ ಇಲ್ವೋ?” ಅಂತಾನೆ. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ನಗುತ್ತಾರೆ. ನೆಲ್ ತನಗೇ ಏನೋ ಬಹುಮಾನ ಬಂತೆಂದು ಕೈ ಬಡಿಯುತ್ತಾಳೆ.

ನವೆಂಬರಿನಲ್ಲಿ ಅವಳಿಗೆ ಉಸಿರು ಕಟ್ಟುವ ಕೆಮ್ಮು ಬಂದು ಆಸ್ಪತ್ರೆ ಸೇರಿದ್ದು ಬರೆದಿದ್ದೆನಲ್ಲ. ಉಸಿರಾಟಕ್ಕೆಂದು ಮಂಚದ ಮೇಲೆ ಕಟ್ಟಿದ ಆವಿಯ ಗುಡಾರದೊಳಗೆ ಅವಳು ಮಲಗಿದ್ದ ಶನಿವಾರ ನಮ್ಮವರು ಮೂರು ಗೋಲಿನಿಂದ ಗೆದ್ದರು. ಸಿರಿಲ್ ದ್ರಾಕ್ಷಿ ಕಳಿಸಿ, “ಇನ್ನೊಂದು ವಾರ ಅಲ್ಲೇ ಇರಕ್ಕೆ ಹೇಳಿ,” ಅಂದನಂತೆ. ಅವನಿಗೆ ಮಕ್ಕಳಿಲ್ಲ, ಗೊತ್ತಾಗಲಿಲ್ಲ ಅಂದುಕೊಂಡೆ. ಜನವರಿಯಲ್ಲಿ ಕಿವಿ ಸೋರಿ ರಾತ್ರಿಯಿಡೀ ಅತ್ತಳು, ಮಾರನೆಯ ದಿನ ಗೆದ್ದೆವು. ಮಾರ್ಚಿನಲ್ಲಿ ಚುಚ್ಚುಮದ್ದಿನ ಜ್ವರ, ಮತ್ತೆ ಗೆಲುವು. ಹಾಲಿನವನು ತಡಮಾಡಿದ ದಿನ ಮಳೆ ಬಂದರೆ ಅವನಿಂದಲೇ ಮಳೆ ಬಂತು ಅನ್ನಬಾರದು ಎಂದು ಶಾಲೆಯಲ್ಲಿ ಹುಡುಗಿಯರಿಗೆ ಹೇಳಿಕೊಟ್ಟವಳು ನಾನು. ನೆಲ್ ಚೆನ್ನಾಗಿದ್ದಾಗಲೂ ನಾವು ಗೆದ್ದದ್ದಿದೆ. ಆದರೆ ಅದನ್ನು ನೆನೆದ ಕೂಡಲೇ, ಆಗ ಅವಳಿಗೆ ಸಣ್ಣದೊಂದು ಶೀತವಿರಲಿಲ್ಲವೇ ಎಂದು ಮನಸ್ಸು ಹುಡುಕಲು ಹೊರಡುತ್ತದೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಊರೆಲ್ಲ ಅವಳು ಸೋಲು ತರುತ್ತಾಳೆ ಎಂದು ತಮಾಷೆ ಮಾಡಿತು. ನನಗೆ ಅದೇ ಮಾತು ತಿರುಗಿ ನಿಂತಿತು, ಗೆದ್ದರೆ ಅವಳಿಗೆ ಕಾಯಿಲೆ ಎಂದು. ಇದನ್ನು ಯಾರಿಗೆ ಹೇಳಲಿ? ಮೈದಾನದ ಸದ್ದು ನಮ್ಮ ಅಡಿಗೆಮನೆಗೆ ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬುದು ನಿನಗೆ ಗೊತ್ತು. ಗೋಲು ಬಿದ್ದ ಗರ್ಜನೆ ಬೇರೆ, ತಪ್ಪಿದ ನರಳಿಕೆ ಬೇರೆ. ಗರ್ಜನೆ ಎದ್ದರೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಓಡುತ್ತಾರೆ. ನಾನು ತೊಟ್ಟಿಲಿಗೆ ಓಡಿ ಮಗುವಿನ ಹಣೆ ಮುಟ್ಟುತ್ತೇನೆ. ಶುಕ್ರವಾರ ಬಂತೆಂದರೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಇಡೀ ಊರು ಗೆಲುವಿಗಾಗಿ ಮೊಣಕಾಲೂರಿದ್ದಾಗ ನಾನೊಬ್ಬಳು ಸೋಲಲಿ ದೇವರೇ, ಸೋಲಲಿ ಎನ್ನುತ್ತಿದ್ದೆ. ಅದೂ ನಿಮ್ಮ ಮನೆಯ ಅನ್ನ ತಿನ್ನುತ್ತ, ಮಾವನ ಎದುರು ಕುಳಿತು.

ಮಾವನನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡ. ಬಟ್ಟೆ ಗಿರಣಿ ಮುಚ್ಚಿದ ಮೇಲೆ ಆ ತಂಡ ಬಿಟ್ಟರೆ ಅವರಿಗೆ ಊರಿನಲ್ಲಿ ತಮ್ಮದು ಅನ್ನುವಂಥದ್ದು ಏನು ಉಳಿದಿದೆ? ಒಂದು ಪಂದ್ಯ ಗೆದ್ದ ದಿನದ ಕಾಲುಚೀಲವನ್ನು ಅದೃಷ್ಟ ಹೋದೀತೆಂದು ತೊಳೆಯಲು ಬಿಡುವುದಿಲ್ಲ, ಮೈದಾನಕ್ಕೆ ಸ್ಮಶಾನ ತಪ್ಪಿಸಿ ಸುತ್ತಿಕೊಂಡು ಹೋಗುತ್ತಾರೆ. ಈಚೆಗೆ ಶನಿವಾರ ಬೆಳಿಗ್ಗೆ ನೆಲ್ ಎರಡು ಕೈ ಚಾಚಿದರೂ ಎತ್ತಿಕೊಳ್ಳುತ್ತಿರಲಿಲ್ಲ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅದರ ಹಿಂದೆ ಅವರಿಗೆಷ್ಟು ಸಂಕಟವಾಗುತ್ತಿತ್ತು ಎಂಬುದು ನನಗೆ ಕಾಣುತ್ತಿತ್ತು. ಮೊನ್ನೆ ಶುಕ್ರವಾರ ಟೋಪಿ ಕೈಯಲ್ಲಿ ಹಿಡಿದು ಅಡಿಗೆಮನೆಗೆ ಬಂದರು. “ಜೂಡಿತ್, ತಪ್ಪು ತಿಳ್ಕೋಬೇಡಮ್ಮ. ನಾಳೆ ಒಂದಿನ ಮಗೂನ ನಿಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀಯಾ? ನಂಗೆ ನಂಬಿಕೆಯೇನಿಲ್ಲ, ಸುಮ್ನೆ...” ಅತ್ತೆ ಬಾಣಲೆ ಕುಕ್ಕಿದರು. “ಥೂ ನಿನ್ನ! ಹನ್ನೊಂದು ಜನ ಧಡಿಯರಿಗೆ ನೆಟ್ಟಗೆ ಒದೆಯಕ್ಕೆ ಬರದಿದ್ರೆ ಹಾಲು ಕುಡಿಯೋ ಕೂಸು ಊರು ಬಿಡ್ಬೇಕಾ? ನೀನೇ ಹೋಗು, ನಿನ್ನ ಕಾಲುಚೀಲದ ನಾತಕ್ಕೆ ಗೋಲ್‌ಕೀಪರ್ ತಲೆ ತಿರುಗಿ ಬೀಳ್ತಿದಾನೋ ಏನೋ!” ಮಾವ ಕಿವಿಯವರೆಗೂ ಕೆಂಪಾಗಿ ಹೊರಟುಹೋದರು. ನಾನೂ ಹೋಗುವುದಿಲ್ಲ ಅಂದೆ. ಸಿಟ್ಟಿನಿಂದಲ್ಲ. ಅಮ್ಮನ ಮನೆಗೆ ಮೈದಾನದ ಸದ್ದು ಕೇಳುವುದಿಲ್ಲ, ಅದಕ್ಕೆ.

ನಿನ್ನೆ ಅತ್ತೆ ಚರ್ಚಿಗೆ ಹೂ ಜೋಡಿಸಲು ಹೋಗಿದ್ದರು. ನಾನು ಇಸ್ತ್ರಿ ಮಾಡುತ್ತಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗರ್ಜನೆ ಎದ್ದಿತು. ನೆಲ್‌ಳ ಹಣೆ ಮುಟ್ಟಿದೆ, ಬಿಸಿ ಇತ್ತು. ಎರಡನೆಯದು ಎದ್ದಾಗ ಕಿಟಕಿಯ ಗಾಜು ಅದುರಿತು, ಅವಳ ಮೈ ಸುಡುತ್ತಿತ್ತು. ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು, ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆಸ್ಪತ್ರೆಯ ದಿಣ್ಣೆ ಹತ್ತಿ ಓಡಿದೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದಾದಿ ನೋಡಿ ಏನೂ ಇಲ್ಲ ಎಂದಳು, ಆದ್ದರಿಂದ ಗಾಬರಿಯಾಗಬೇಡ. ಅಲ್ಲಿ ಮಂಚ ತಳ್ಳುವವನೊಬ್ಬ ಸಣ್ಣ ರೇಡಿಯೋ ಕಿವಿಗೆ ಒತ್ತಿಕೊಂಡು ನಿಂತಿದ್ದ. ಎದುರಾಳಿಗಳ ಮೂರನೆಯ ಗೋಲು ಬಿದ್ದಾಗ ಅವನು ಗೋಡೆಗೆ ಒರಗಿ, “ಮುಗೀತು, ಮುಗಿದೇ ಹೋಯ್ತು,” ಅಂದ. ನನಗೆ ನಗು ಬಂತು, ಡೆರೆಕ್. ಜೋರಾಗಿ ನಕ್ಕುಬಿಟ್ಟೆ. ಅವನು, “ಏನ್ ತಾಯಿ, ನೀವು ಆ ಕಡೆಯೋರಾ?” ಎಂದು ಕೇಳಿದ. ದಾದಿ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದಾಗ ಇಸ್ತ್ರಿ ಹಲಗೆಯ ಬಟ್ಟೆ ಕರಕಲಾಗಿತ್ತು. ಅತ್ತೆ ಸಮಯಕ್ಕೆ ಬಂದು ಆರಿಸಿದ್ದರಂತೆ. ಮಾವ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದವರು ಕೈ ಚಾಚಿ ನೆಲ್‌ಳನ್ನು ಎತ್ತಿಕೊಂಡರು. “ಬಾರೇ ಪುಟ್ಟಿ. ನಿನ್ನ ಕಾಲ್ಗುಣ ಅಲ್ಲ ಕಣೆ, ನಮ್ಮೋರಿಗೆ ಕಾಲೇ ಇಲ್ಲ,” ಎಂದು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತರು. ಸಂಜೆ ಸಿರಿಲ್ ಬಂದು ತಪ್ಪಾಯಿತು ಎಂಬಂತೆ ಬಾಗಿಲಲ್ಲೇ ನಿಂತಿದ್ದ. ಅವರಿಬ್ಬರಿಗೂ ಸಮಾಧಾನ ಹೇಳಿ ಒಂದು ಕಾಗದ ಬರಿ. ನಿನ್ನ ಮಾತೆಂದರೆ ಮಾವ ಕೇಳುತ್ತಾರೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ನೀನು ಕೇಳಿದ್ದ ಉಣ್ಣೆಯ ಮೇಲಂಗಿಯ ಹೆಣಿಗೆ ತೋಳಿನವರೆಗೆ ಬಂದಿದೆ. ನೆಲ್‌ಳ ಮುತ್ತು ಈ ಪುಟದ ಮೂಲೆಯಲ್ಲಿ ಒದ್ದೆಯಾಗಿ ಅಂಟಿದೆ.

ಎಂದೂ ನಿನ್ನವಳೇ,
ಜೂಡಿತ್

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ದಾದಿ ಜ್ವರದ ಕಡ್ಡಿಯನ್ನು ನನ್ನ ಕೈಗೇ ಕೊಟ್ಟಳು. ಎರಡು ಸಲ ಇಟ್ಟು ನೋಡಿದೆವು. ಜ್ವರವಿರಲಿಲ್ಲ. ಪಾದರಸ ನಿಂತ ಗೆರೆಯನ್ನು ಓದುತ್ತಿರುವಾಗಲೇ ನನ್ನ ಇನ್ನೊಂದು ಕೈಗೆ ಮಗುವಿನ ಹಣೆ ಕೆಂಡದಂತೆ ಸುಡುತ್ತಿತ್ತು. “ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮ? ಮನೆಯೋರು ಎಲ್ಲಿದ್ದಾರೆ?” ಎಂದು ದಾದಿ ಕೇಳಿದಳು. ನಾಡಿದ್ದು ನನ್ನನ್ನೇ ಡಾಕ್ಟರಿಗೆ ತೋರಿಸಲು ಬಾ ಎಂದಿದ್ದಾಳೆ, ಹೋಗುತ್ತೇನೆ. ಸಿರಿಲ್ ನಿನ್ನೆ ಹೊರಡುವಾಗ ಮಾವನ ಬೆನ್ನು ತಟ್ಟಿ, “ಬಿಡೋ, ಎರಡನೇ ದರ್ಜೆಯಲ್ಲಿ ಎಲ್ಲಾ ಪುಡಿ ತಂಡಗಳು, ಬರೋ ವರ್ಷ ವಾರವಾರವೂ ನಾವೇ ಗೆಲ್ತೀವಿ,” ಅಂದ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಆಗಸ್ಟ್‌ಗೆ ಮತ್ತೆ ಶುರುವಾಗುತ್ತದಂತೆ. ಅಷ್ಟರೊಳಗೆ ಬಂದುಬಿಡು ಡೆರೆಕ್, ಮಾಂಟೆವಿಡಿಯೊದಲ್ಲೇ ಇಳಿದು ಬಾ. ನನ್ನ ಕೈಯನ್ನು ನಾನು ನಂಬಲಾರೆ.