ಅಂದುಕೊಳ್ಳುವುದು ಎಂದರೆ

ಜೂನ್ ೧೮, ಬುಧವಾರ

ಮುದ್ದಿನ ಕುಳ್ಳಿಗೆ,

ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈಯಬೇಡ. ಶಾಲೆ ಶುರುವಾದ ಮೇಲೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ.

ನಿನ್ನ ಗಂಡ ಕನ್ನಡ ಕಲಿಯಲು ಹಟ ಹಿಡಿದಿರುವುದು ಓದಿ ಖುಷಿಯಾಯಿತು. ಆದರೆ ಅವರು ಸಿಕ್ಕಸಿಕ್ಕಲ್ಲೆಲ್ಲ ‘ಅಂದುಕೊಳ್ಳುತ್ತೇನೆ’ ಸೇರಿಸುತ್ತಾರೆ, ‘ನನಗೆ ಹಸಿವಾಗಿದೆ ಅಂದುಕೊಳ್ಳುತ್ತೇನೆ’ ಅನ್ನುತ್ತಾರೆ, ಟೀಚರಾದ ನೀನೇ ಬಿಡಿಸಿ ಹೇಳು ಅಂತ ಎರಡು ಪುಟ ಬರೆದಿದ್ದೀಯ. ಸರಿ, ಹೇಳುತ್ತೇನೆ. ತನ್ನ ಹಸಿವನ್ನು ಯಾರೂ ಅಂದುಕೊಳ್ಳಬೇಕಾಗಿಲ್ಲ, ಅದು ಹೊಟ್ಟೆಗೇ ಗೊತ್ತಿರುತ್ತದೆ. ಪಕ್ಕದವರ ಹಸಿವಿಗೆ ಈ ಮಾತು ಬೇಕು. ‘ಅನ್ನು’ವಿಗೆ ‘ಕೊಳ್ಳು’ ಸೇರಿ ಆದ ಪದ ಇದು. ತನಗೆ ತಾನೇ ಹೇಳಿಕೊಳ್ಳುವುದು. ಹೇಳುವವರೂ ತಾವೇ, ಕೇಳುವವರೂ ತಾವೇ, ಹೌದೆಂದು ತಲೆಯಾಡಿಸುವವರೂ ತಾವೇ. ತಿಳಿದುಕೊಳ್ಳಬೇಕಾದರೆ ಎದ್ದು ಹೋಗಿ ನೋಡಬೇಕು, ಇಲ್ಲವೇ ಬಾಯಿಬಿಟ್ಟು ಕೇಳಬೇಕು. ಅಂದುಕೊಳ್ಳುವುದಕ್ಕೆ ಕುರ್ಚಿಯಿಂದ ಏಳಬೇಕಾಗಿಲ್ಲ.

ಉದಾಹರಣೆ ಬೇಕಾದರೆ ನಮ್ಮ ಮನೆಗೇ ಬರಲಿ. ಮೊನ್ನೆ ಮೋಟಾರು ಹಾಕಿ ಮರೆತೆವು. ಟ್ಯಾಂಕು ತುಂಬಿ, ನೀರು ಮೆಟ್ಟಿಲಿಳಿದು ಕೆಳಮನೆಯವರ ಹಾಸಿಗೆಯವರೆಗೂ ಹೋಯಿತು. “ನೀನು ಆಫ್ ಮಾಡಿದೀಯ ಅಂದ್ಕೊಂಡೆ” ಅಂದರು ನಿನ್ನ ಭಾವ. “ನೀವು ಮಾಡ್ತೀರ ಅಂದ್ಕೊಂಡೆ” ಅಂದೆ. ಕೆಳಮನೆಯಾಕೆ ನೆನೆದ ದಿಂಬು ಹಿಡಿದುಕೊಂಡು ಇಬ್ಬರನ್ನೂ ನೋಡುತ್ತ ನಿಂತಿದ್ದರು.

ಅದಾದರೂ ನೀರು, ಒರೆಸಿದರೆ ಮುಗಿಯಿತು. ಶಾಲೆಯದು ಕೇಳು. ಈ ವರ್ಷ ನನಗೆ ಒಂದನೇ ತರಗತಿ ಕೊಟ್ಟಿಲ್ಲ, ಏಳಕ್ಕೆ ಎತ್ತಿಹಾಕಿದ್ದರು. ಹೆಡ್‌ಮೇಡಂ ಬಳಿ ಹೋದೆ.

“ಏನಿಲ್ಲ ಮೇಡಂ, ಚಿಕ್ಕ ಮಕ್ಕಳನ್ನ ನೋಡಿದ್ರೆ ನಿಮಗೆ ಕಷ್ಟ ಆಗ್ಬಹುದು ಅಂದ್ಕೊಂಡೆ” ಅಂದರು, ದನಿ ತಗ್ಗಿಸಿ.

ನನ್ನ ಕೂಸು ಆಸ್ಪತ್ರೆಯಿಂದ ಮನೆಗೆ ಬರದೇ ಹೋಗಿ ಎರಡು ವರ್ಷವಾಯಿತು. ಆ ಎರಡು ವರ್ಷವೂ ನಾನು ಒಂದನೇ ತರಗತಿಯಲ್ಲೇ ಮೂಗು ಒರೆಸುತ್ತ, ಚಪ್ಪಲಿ ಅದಲುಬದಲಾಗಿದ್ದನ್ನು ಸರಿಮಾಡುತ್ತ ಇದ್ದೆ. ಅಲ್ಲಿದ್ದುದರಿಂದಲೇ ಬದುಕಿದೆ.

“ನನ್ನನ್ನ ಒಂದು ಮಾತು ಕೇಳಿದ್ರಾ?” ಅಂದೆ.

“ಕೇಳಿದ್ರೆ ನೊಂದ್ಕೋತೀರೇನೋ ಅಂತ...”

“ಅದನ್ನೂ ನೀವೇ ಅಂದ್ಕೊಂಡ್ರಾ?”

ತರಗತಿ ವಾಪಸು ಸಿಗುವವರೆಗೆ ಅಲ್ಲಿಂದ ಕದಲಲಿಲ್ಲ. ಸಿಕ್ಕಿತು. ಈಗ ಸ್ಟಾಫ್‌ರೂಮಿನಲ್ಲಿ ನನ್ನನ್ನು ಜಗಳಗಂಟಿ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಹಾಂ, ನಿನ್ನವರಿಗೆ ಇದೊಂದು ಮುಖ್ಯವಾಗಿ ಹೇಳು. ‘ಬರುತ್ತಾರೆ ಅಂದುಕೊಂಡಿದ್ದೇನೆ’ ಅಂದರೆ ಇನ್ನೂ ಬಾಗಿಲು ತೆರೆದಿದೆ. ‘ಬರುತ್ತಾರೆ ಅಂದುಕೊಂಡಿದ್ದೆ’ ಅಂದರೆ ಸಾಮಾನ್ಯವಾಗಿ ಬರಲಿಲ್ಲ ಅಂತಲೇ. ಒಂದಕ್ಷರದಲ್ಲಿ ಅಷ್ಟು ವ್ಯತ್ಯಾಸ.

ನಿಮ್ಮ ಮನೆ ನಗುನಗುತ್ತಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆಗೆಡಬೇಡ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಇದನ್ನು ಬರೆಯಬಾರದೆಂದೇ ಇಷ್ಟೆಲ್ಲ ವ್ಯಾಕರಣ ಹೇಳಿದೆ. ಶನಿವಾರ ರವಿಕೆ ತರಲು ದರ್ಜಿಯಮ್ಮನ ಅಂಗಡಿಗೆ ಹೋಗಿದ್ದೆ. ಹೊಲಿಗೆ ಯಂತ್ರದ ಮೇಲೆ ಅಂಗೈಯಗಲದ ಅಂಗಿಗಳು. “ನಿಮ್ಮ ತಂಗಿ ಮಗುಗೇ” ಅಂದವರು ನಾಲಿಗೆ ಕಚ್ಚಿಕೊಂಡರು. “ಹೊಲಿಯೋಕೆ ಫೋನಲ್ಲಿ ಹೇಳ್ದಾಗ, ಅಕ್ಕಂಗೆ ಹೇಳ್ಬೇಡಿ, ನೊಂದ್ಕೋತಾಳೆ ಅಂದಿದ್ರು. ಮರೆತೇಬಿಟ್ಟೆ.” ಗೊತ್ತು ಬಿಡಿ ಅಂತ ನಕ್ಕು, ರವಿಕೆ ಅಲ್ಲೇ ಬಿಟ್ಟು ಬಂದೆ. ಅಮ್ಮನನ್ನು ಕೇಳಿದೆ. ಹೆರಿಗೆಯೂ ಆಗಿದೆಯಂತೆ, ಅವಳಿಗೂ ಮೊದಲಿನಿಂದ ಗೊತ್ತಿತ್ತಂತೆ.

ಕೆಲಸ ಜಾಸ್ತಿ ಅಂತ ಈ ವರ್ಷವೆಲ್ಲ ನೀನು ಇತ್ತ ತಲೆಹಾಕದೆ ಇದ್ದದ್ದು ಇದಕ್ಕೇನೇ? ನನ್ನ ಕೂಸು ಹೋದಾಗ ನನ್ನ ಪಕ್ಕ ಮಲಗಿದ್ದವಳು ನೀನು. ನಿನ್ನ ಬಸುರಿಗೆ ನಾನು ಯಾರೂ ಅಲ್ಲದೆ ಹೋದೆನೇ? ನೋವು ಆಗುತ್ತದೆ ಕುಳ್ಳಿ, ಇಲ್ಲ ಅನ್ನುವುದಿಲ್ಲ. ಅದನ್ನು ಇಟ್ಟುಕೊಂಡೇ ನಿನ್ನ ಮಗುವನ್ನು ಎತ್ತಿಕೊಳ್ಳುತ್ತಿದ್ದೆ.

ಗಂಡೋ ಹೆಣ್ಣೋ ಅಂತ ದರ್ಜಿಯಮ್ಮನನ್ನಾಗಲಿ ಅಮ್ಮನನ್ನಾಗಲಿ ಕೇಳಲಿಲ್ಲ. ನೀನೇ ಹೇಳು. ಇಪ್ಪತ್ತೊಂಬತ್ತರ ಭಾನುವಾರ ಮೊದಲ ಬಸ್ಸಿಗೆ ಹೊರಡುತ್ತೇನೆ.