ಕೆಂಪು ದಾರ ಕಟ್ಟದ ಗಿಡ

ನವೆಂಬರ್ ೨೩, ಭಾನುವಾರ

ಮಾವನ ವಾಂತಿ ನಿಂತಿಲ್ಲ. ನಾಡಿ ಕೈಗೇ ಸಿಗುತ್ತಿಲ್ಲ. ಝಾಬ್ಲ್ಯಾಕ್ ಪೇಟೆಯಿಂದ ಬರುವ ದಾರಿ ಹಿಮದಲ್ಲಿ ಮುಚ್ಚಿದೆ, ಬೆಳಗಾಗುವವರೆಗೆ ಡಾಕ್ಟರು ಬರಲಾರರು.

ಅವರ ಹೊಟ್ಟೆನೋವಿಗೆ ಸಾರಾಯಿಯಲ್ಲಿ ನೆನೆಸಿದ ಲಿಂತ್ಸುರ ಗಿಡದ ಬೇರಿನ ಕಹಿಯೇ ಮದ್ದು. ಹಿತ್ತಲಲ್ಲಿ ನೆಟ್ಟಿದ್ದು ಏಳು ವರ್ಷವಾದರೂ ಹಳದಿ ಹೂ ಬಿಟ್ಟಿಲ್ಲ. ಹೂ ಬಿಡುವ ಮುಂಚೆ ಕೀಳಬಾರದು. ಅದಕ್ಕೇ ಹೋದ ತಿಂಗಳು ಬೆಟ್ಟ ಹತ್ತಿದೆ.

"ಎಲೆ ಎದುರುಬದುರು ಜೋಡಿಯಾಗಿದ್ರೆ ಲಿಂತ್ಸುರ, ಒಂದೊಂದೇ ಇದ್ರೆ ವಿಷದ ಚೆಮೆರಿಕ. ಬೇಸಿಗೆಯಲ್ಲೇ ನೋಡಿ ಲಿಂತ್ಸುರಕ್ಕೆ ಕೆಂಪು ದಾರ ಕಟ್ಟಿ ಬಾ, ಮಗಳೇ." ಕಲಿಸಿದವರೇ ಮಾವ. ಈ ಬೇಸಿಗೆ ನಾನು ಕಟ್ಟಲಿಲ್ಲ. ಹೋದಾಗ ಎಲೆಯೆಲ್ಲ ಕೊಳೆತಿತ್ತು. ಗೊತ್ತಿರುವ ಜಾಗವೇ ಅಂತ ಬೇರು ಅಗೆದು ತಂದು ನೆನೆಸಿಟ್ಟೆ. ಹಾಳು ಕೈ!

ಇವತ್ತು ಮಧ್ಯಾಹ್ನ ಅದನ್ನು ಒಂದು ಗುಟುಕು ಕುಡಿದು, "ಈ ಸಲ ಕಹಿ ಅಷ್ಟಿಲ್ಲಮ್ಮ ಗೋರ್ದಾನಾ, ನಿನ್ನ ಕೈಗುಣ!" ಅಂದರು. ಹಿಗ್ಗಿಹೋಗಿ ಇನ್ನೊಂದು ಲೋಟ ನಾನೇ ತುಂಬಿಸಿಕೊಟ್ಟೆ.