ಭವ್ಯಕ್ಕನ ಊರಿನ ಜನ

ಬೇಲೂರು, ೨೦೦೧

ಭವ್ಯಕ್ಕ,

ಕಾಮಾಲೆಯಲ್ಲಿ ನೀನು ಹೋಗಿ ವರ್ಷವಾಗುತ್ತಾ ಬಂತು. ನೀನು ಟೈಪಿಂಗ್ ಕಲಿತ ಷಡಕ್ಷರಪ್ಪನವರ ಕಂಪ್ಯೂಟರ್ ಸೆಂಟರಿನಲ್ಲೇ ಈಗ ನಾನು ಕೆಲಸಕ್ಕಿದ್ದೇನೆ. ಶಾಲೆ ಬಿಟ್ಟವನು ಎಲ್ಲೂ ನಿಲ್ಲುವುದಿಲ್ಲ ಎಂದು ಅಪ್ಪ ಹೇಳುವುದು ನಿಜವೇ. ಇಲ್ಲಿ ಮಾತ್ರ ನಿಂತೆ. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ನೀನು ಅರ್ಧ ಆಡಿ ಸೇವ್ ಮಾಡಿಟ್ಟ ಆಟದ ಊರು ಇತ್ತು, ಅದಕ್ಕೆ.

ನಾವಿಬ್ಬರೂ ಆಡುತ್ತಿದ್ದ ರಾಜ್ಯ ಕಟ್ಟುವ ಆಟದ ಎರಡನೇ ಭಾಗ ಬಂದಿದೆ. ಸುಳ್ಳು ಹೇಳಲಾರೆ, ಮೊದಲನೆಯದಕ್ಕಿಂತ ಚೆನ್ನಾಗಿದೆ. ಹಳೆಯದು ಕಲ್ಲಿನ ಆಯುಧಗಳ ಕಾಲದಿಂದ ಶುರುವಾಗುತ್ತಿತ್ತಲ್ಲ, ಇದು ಹೆಚ್ಚುಕಡಿಮೆ ನಮ್ಮ ಹಳೇಬೀಡು ಕಟ್ಟಿದವರ ಕಾಲದ್ದು. ಕೋಟೆಗೆ ಬಾಗಿಲುಗಳಿವೆ. ಗೋಡೆಯಲ್ಲಿ ಓಡಾಡಲು ಸಂದು ಬಿಡುತ್ತಾ, "ಬಾಗಿಲಿಲ್ಲದ ಕೋಟೆ ಯಾವನು ಮಾಡಿದ್ನೋ, ಇವನಿಗೆ ಹೆಣ್ಣು ಕೊಟ್ಟೋರು ಯಾರೋ" ಎಂದು ನೀನು ಬೈಯುತ್ತಿದ್ದೆ. ಆ ಬೈಗುಳ ಅವನಿಗೆ ಮುಟ್ಟಿರಬೇಕು. ನಾನು ಈಗಲೂ ಬೆಳೆ ಇಡದೆ ಯುದ್ಧಕ್ಕೆ ಓಡುತ್ತೇನೆ, ಸೋಲುತ್ತೇನೆ. "ಮೊದ್ಲು ರಾಗಿ ಬೆಳಿ ಕಣೋ, ಆಮೇಲೆ ರಾಜ ಆಗೀಯಂತೆ" ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ.

ಹೊಸದರಲ್ಲಿ ಒಂದು ಬಟನ್ ಇದೆ. ಕೆಲಸವಿಲ್ಲದೆ ಸುಮ್ಮನೆ ನಿಂತವರು ಎಲ್ಲಿದ್ದಾರೆಂದು ತೋರಿಸುತ್ತದೆ. ಹಳೆಯದರಲ್ಲಿ ಮರ ಮುಗಿದರೆ ಕಡಿಯುವವನು ಅಲ್ಲೇ ನಿಂತುಬಿಡುತ್ತಿದ್ದ, ನಾವು ಕಾಣುವವರೆಗೂ. ಆ ಬಟನ್ ಒತ್ತಿದಾಗಲೆಲ್ಲ ನಿನ್ನ ಊರಿನವರು ಕಣ್ಣಿಗೆ ಬರುತ್ತಾರೆ. ಕಂಪ್ಯೂಟರ್ ಆರಿದ್ದರೂ ಅದರೊಳಗೆ ನಿಂತೇ ಇದ್ದಾರೆ ಅನ್ನಿಸುತ್ತದೆ. ಹಾಡಹಗಲಲ್ಲೇ ಹೆದರಿಕೆಯಾಗುತ್ತದೆ. ಆ ಕಂಪ್ಯೂಟರಿಗೆ ಬೆನ್ನು ಹಾಕಿ ಕೂರುವುದನ್ನೇ ಬಿಟ್ಟಿದ್ದೇನೆ.

ಹೋದ ವಾರ ಷಡಕ್ಷರಪ್ಪನವರು, "ಕಿಟಕಿ ಪಕ್ಕದ್ರಲ್ಲೂ ಹಳೇದು ತೆಗೆದು ಹೊಸದು ಹಾಕೋ ಮಾರಾಯ, ಜಾಗ ಸಾಲ್ತಿಲ್ಲ" ಎಂದರು. ತೆಗೆದರೆ ನಿನ್ನ ಊರೂ ಹೋಗುತ್ತದೆ. ಹಳೆಯ ಆಟದ ಊರು ಹೊಸದರಲ್ಲಿ ತೆರೆಯುವುದಿಲ್ಲ. ನಾಳೆ, ನಾಳೆ ಎಂದು ದಿನ ತಳ್ಳಿದೆ. ಕೊನೆಗೆ ಸಂತೆಗೆ ಬಂದಿದ್ದ ಅವ್ವನಿಗೆ ಹೇಳಿದೆ. "ತೋರ್ಸು" ಎಂದಳು.

ನಿನ್ನ ಕುರ್ಚಿಯಲ್ಲಿ ಕೂರಲು ಅವಳು ಒಪ್ಪಲಿಲ್ಲ. ಅದನ್ನು ಹಿಡಿದು ನಿಂತು ನೋಡಿದಳು.

"ಇದ್ರಾಗೆ ನಮ್ ಭವ್ಯಾ ಯಾವ್ದಪ್ಪ?"

"ಯಾವ್ದೂ ಅಲ್ಲವ್ವ. ಅವಳು ಹೊರಗೆ ಕೂತು ಇವ್ರಿಗೆ ಕೆಲಸ ಹೇಳ್ತಿದ್ಲು."

"ಅದ್ಕೇ ಹಿಂಗೆ ನಿಂತವ್ರಾ? ಅವಳಿಲ್ಲ ಅಂತ ಇವ್ರಿಗೆ ಯಾರೂ ಹೇಳಿಲ್ವಾ?"

ಪರದೆಯನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಬಗ್ಗಿ ನೋಡಿ, "ಮನೆಗೆ ಕಳ್ಸಪ್ಪ, ಎಷ್ಟೊತ್ತು ನಿಲ್ತಾರೆ" ಎಂದಳು.

ಎರಡು ಆಟಗಳ ನಿಜವಾದ ವ್ಯತ್ಯಾಸ ನನಗೆ ಆಗ ಗೊತ್ತಾಯಿತು ಅಕ್ಕ. ಹೊಸದರಲ್ಲಿ ಗಂಟೆ ಬಾರಿಸಿದರೆ ಎಲ್ಲರೂ ಮಾಡುತ್ತಿದ್ದುದನ್ನು ಬಿಟ್ಟು ಓಡಿ ಒಳಗೆ ಸೇರಿಕೊಳ್ಳುತ್ತಾರೆ. ಹಳೆಯದರಲ್ಲಿ ಮನೆ ಕಟ್ಟಬಹುದು, ಒಳಗೆ ಹೋಗುವಂತಿಲ್ಲ. ಶತ್ರು ಬಂದರೂ ಕೊಡಲಿ ಬೀಸುತ್ತಲೇ ಇರುತ್ತಾರೆ. ಕಣ್ಣು ಹಳದಿಯಾದ ಮೇಲೂ ನೀನು ಹುಲಿಕೆರೆಯಿಂದ ಬಸ್ಸು ಹತ್ತಿ ಟೈಪಿಂಗಿಗೆ ಬರುತ್ತಿದ್ದೆ. ನಾವ್ಯಾರೂ ತಡೆಯಲಿಲ್ಲ.

ಅವ್ವನಿಗೆ ಇದ್ದುದನ್ನು ಇದ್ದ ಹಾಗೇ ಹೇಳಿದೆ. "ಒಳೀಕ್ ಹೋಗಕ್ಕಾಗದ ಮನೆ ಯಾಕ್ ಕಟ್ಟುಸ್ತಿದ್ಲೋ" ಎಂದು ಗೊಣಗಿ, "ಹೋಗ್ಲಿ, ಜಗಲಿ ತಾವ ನಿಲ್ಸು" ಎಂದಳು. ಒಬ್ಬೊಬ್ಬರನ್ನೇ ಹುಡುಕಿದೆ. ಕಾಡಿನಂಚಿನಲ್ಲಿದ್ದರು, ನೀರಿನ ದಡದಲ್ಲಿದ್ದರು. ಎಲ್ಲರನ್ನೂ ನಡೆಸಿಕೊಂಡು ಬಂದು ಮನೆ ಗೋಡೆಗಳಿಗೆ ತಾಗಿ ನಿಲ್ಲಿಸಿದೆ. ಅವ್ವ ಗಾಜಿನ ಮೇಲೆ ಬೆರಳಾಡಿಸುತ್ತಾ, "ಯಾರೂ ಉಳೀಲಿಲ್ವಲ್ಲಾ?" ಎಂದಳು.

"ಇಲ್ಲವ್ವ."

"ಆರ್ಸು."

ಆಟವನ್ನು ನಾನೇ ತೆಗೆದೆ. ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಈಗ ಅಲ್ಲಿ ನೀನೊಬ್ಬಳೇ ನಿಂತ ಹಾಗಿದೆ, ಯಾರಾದರೂ ಹೇಳಲಿ ಎಂದು ಕಾಯುತ್ತಾ.

ಚಿಕ್ಕವನು ಹೇಳಿದನೆಂದು ಬೇಸರ ಮಾಡಿಕೊಳ್ಳಬೇಡ. ಕೆಲಸ ಸಾಕು. ಒಳಗೆ ಹೋಗಿ ಮಲಗಕ್ಕ.

ನಿನ್ನ ತಮ್ಮ,
ಸಂತು